ಕೆಳಗಿನಿಂದ ಮೂರನೆಯ ಕೊಂಬೆ

ಜನವರಿ 6

ಮನೆಯಳಿಯನಾದವನಿಗೆ ಕೂತು ಬರೆಯಲು ಒಂದು ಮೂಲೆ ಸಿಕ್ಕಿದ್ದೇ ಪುಣ್ಯ. ಮೂಲೆ ಎಂದರೆ ಹಿತ್ತಲ ಬಾಗಿಲ ಪಕ್ಕದ ಸಾಮಾನು ಕೋಣೆ. ಒಂದು ಕಾಲು ಕುಂಟುವ ಕುರ್ಚಿ, ಗೊಬ್ಬರದ ಚೀಲ, ಮೂಗಿಗೆ ಹೊಡೆಯುವ ಬೇವಿನ ಎಣ್ಣೆಯ ಡಬ್ಬ, ಗೋಡೆಯ ಮೊಳೆಗಳಿಗೆ ಗಾತ್ರದ ಪ್ರಕಾರ ನೇತುಹಾಕಿದ ಕತ್ತರಿಗಳು. ಒಂದು ಕತ್ತರಿ ಬೇರೆ ಮೊಳೆಗೆ ಹೋದರೂ ಮಾವನವರಿಗೆ ಗೊತ್ತಾಗಿಬಿಡುತ್ತದಂತೆ. ಆಗಲಿ. ನನಗೂ ಪ್ರೆಸ್ಸಿನಲ್ಲಿ ಒಂದು ಅಲ್ಪವಿರಾಮ ಆಚೀಚೆಯಾದರೆ ಗೊತ್ತಾಗುತ್ತಿತ್ತು. ನಾನದನ್ನು ಊರಿಗೆಲ್ಲ ಸಾರಿಕೊಂಡು ತಿರುಗುತ್ತಿರಲಿಲ್ಲ.

ಪ್ರೆಸ್ಸು ಮುಚ್ಚಿತು. ಪ್ರೂಫ್ ತಿದ್ದುವವನು ಯಾರಿಗೂ ಬೇಡವಾದ. ಜನಕ್ಕೆ ಈಗ ತಪ್ಪು ಕಂಡರೆ ಬೇಸರವಿಲ್ಲ. "ಬೇರೆ ಕೆಲಸ ಸಿಗೋವರೆಗೆ ಅಪ್ಪನ ಮನೇಲಿ ಇರೋಣ, ಅವರಿಗೂ ಜೊತೆ ಆಗುತ್ತೆ" ಎಂದು ಇವಳು ಹೇಳಿದಳು, ನಾನು ಹೂಂಗುಟ್ಟಿದೆ. ಹೇಳಿದವಳು ಬೆಳಿಗ್ಗೆ ಎದ್ದು ರಕ್ತ ಪರೀಕ್ಷೆಯ ಲ್ಯಾಬಿಗೆ ಹೋಗಿಬಿಡುತ್ತಾಳೆ. ಜೊತೆಯಾಗುವ ಭಾಗ್ಯ ನನಗೆ.

ಮಾವನವರನ್ನು ಇಲ್ಲಿ ದೊರೆಗಳು ಎಂದೇ ಬರೆಯುತ್ತೇನೆ. ಸರ್ವೆಯರಾಗಿ ಕಂಡವರ ನೆಲವನ್ನೆಲ್ಲ ಅಳೆದು ನಿವೃತ್ತರಾಗಿ, ಈಗ ಹಿತ್ತಲಿನ ಇಷ್ಟಗಲ ಮಣ್ಣನ್ನು ಆಳುತ್ತಿದ್ದಾರೆ. ಪ್ರಜೆಗಳು ಒಂದು ಮಾವು, ನಾಲ್ಕು ಸೀಬೆ, ಒಂದು ಸೀತಾಫಲ, ಒಂದು ಕಮರಾಕ್ಷಿ. ಒಂದಕ್ಕೂ ಇಷ್ಟಬಂದಂತೆ ಬೆಳೆಯುವ ಸ್ವಾತಂತ್ರ್ಯವಿಲ್ಲ. ಮಾವಿನ ಮರವನ್ನು ಕಾಂಪೌಂಡ್ ಗೋಡೆಗೆ ಒರಗಿಸಿ, ಗೋಡೆಯುದ್ದಕ್ಕೂ ಮಟ್ಟವಾಗಿ ಎಳೆದ ತಂತಿಗಳಿಗೆ ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಕೊಂಬೆ ಕಟ್ಟಿ, ಪೊಲೀಸರು ಕಳ್ಳನನ್ನು ತಡಕುವಾಗ ನಿಲ್ಲಿಸುವಂತೆ ನಿಲ್ಲಿಸಿದ್ದಾರೆ. ಕೊಂಬೆಗೊಂದು ಜಾತಿಯ ಕಸಿ. ಸೀಬೆಯ ಕೊಂಬೆಗಳಿಗೆ ನೀರು ತುಂಬಿದ ಬಾಟಲಿ ನೇತುಹಾಕಿ ನೆಲದ ಕಡೆಗೆ ಎಳೆದಿದ್ದಾರೆ. ಹೊಸಬರು ನೋಡಿದರೆ ಇದು ಆಸ್ಪತ್ರೆಯ ಮೂಳೆ ವಾರ್ಡು ಎಂದುಕೊಳ್ಳಬೇಕು.

"ನೆಟ್ಟಗೆ ನಿಂತ ಕೊಂಬೆ ಬರೀ ಎಲೆ ಬಿಡುತ್ತೆ ಅಳಿಯಂದ್ರೇ. ಬಗ್ಗಿಸಿದ್ದೇ ಹಣ್ಣು ಬಿಡೋದು" ಎಂದರು ಇವತ್ತು, ನನಗೆ ಕೇಳಲೆಂದೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಅವರ ಕಿವಿಗೆ ಬಿದ್ದಂತಿಲ್ಲ. ನನಗೆ ಐವತ್ತೆರಡು.

ಏಣಿ ಹತ್ತುವುದು, ಕಟ್ಟುವುದು, ಕತ್ತರಿಸುವುದು ಎಲ್ಲ ನನ್ನ ಪಾಲಿಗೆ. ದೊರೆಗಳಿಗೆ ಸೊಂಟ ಬಗ್ಗುವುದಿಲ್ಲ. ಹಳೆಯ ಅಳತೆಕೋಲೊಂದನ್ನು ಹಿಡಿದು, ಕಲ್ಲು ಹಾಸಿದ ದಾರಿಯ ಮೇಲೆ ಟಕ್ ಟಕ್ ಎನ್ನಿಸುತ್ತ ನಡೆದು, ಒಂದೊಂದು ಮರದ ಮುಂದೆ ನಿಂತು ಆಜ್ಞೆ ಕೊಡುತ್ತಾರೆ. "ನನ್ನ ಕಣ್ಣೇ ಟೇಪು" ಎನ್ನುವುದು ಅವರ ಪಲ್ಲವಿ. ಬೆಳಿಗ್ಗೆಯಿಂದ ಎರಡು ಸಲ ಕೇಳಿದೆ.

ಜನವರಿ 11, ಭಾನುವಾರ

ಇವಳ ತಮ್ಮ ಬಂದಿದ್ದ. ಊರಿನ ಇನ್ನೊಂದು ತುದಿಯಲ್ಲಿದ್ದಾನೆ. ಅಪ್ಪನನ್ನು ನೋಡುವ ನೆಪದಲ್ಲಿ ಭಾನುವಾರ ಭಾನುವಾರ ತನ್ನ ಕಾರನ್ನು ತೋರಿಸಿ ಹೋಗುತ್ತಾನೆ. ಊಟಕ್ಕೆ ಕೂತಾಗಲೂ ಬೆರಳಿನಲ್ಲಿ ಕೀ ತಿರುಗುತ್ತಿರುತ್ತದೆ. ಅವನ ಹೆಸರು ಇಲ್ಲಿ ಸ್ಟೀರಿಂಗ್.

ದೊರೆಗಳು ಊಟವಾದ ಮೇಲೆ ಮಲಗಿದ್ದರು. ಸ್ಟೀರಿಂಗ್ ಹೊರಡುವಾಗ ಕಾರನ್ನು ಹಿತ್ತಲ ಗೇಟಿನ ಪಕ್ಕದಿಂದ ಹಿಂದಕ್ಕೆ ತೆಗೆಯಲು ಹೋಗಿ, ಮಾವಿನ ಬಲಗಡೆಯ ಕೆಳಗಿನ ಕೊಂಬೆಗೆ ಗುದ್ದಿದ. ಕೊಂಬೆ ಬುಡದಿಂದ ಸೀಳಿ ತಂತಿಯ ಸಮೇತ ಕೆಳಗೆ ಬಂತು. ಕಾರಿಗೇನೂ ಆಗಿಲ್ಲ ಎಂದು ಮೊದಲು ನೋಡಿಕೊಂಡ. ಆಮೇಲೆ ಮುಖ ಬಿಳುಚಿಕೊಂಡಿತು.

"ಅಕ್ಕಾ, ಅಪ್ಪನಿಗೆ ಹೇಳ್ಬೇಡ ಕಣೇ. ಚರ್ಮ ಸುಲಿದುಬಿಡ್ತಾರೆ. ಭಾವ, ನೀವೂ ಅಷ್ಟೇ, ದಯವಿಟ್ಟು."

ನಲವತ್ತು ದಾಟಿದ ಮನುಷ್ಯ. ಆಫೀಸಿನಲ್ಲಿ ಹತ್ತು ಜನರ ಮೇಲೆ ಹಾರಾಡುತ್ತಾನಂತೆ. ಇವಳಂತೂ ತಮ್ಮ ಎಂದರೆ ಕರಗಿ ನೀರು. ಕೊಂಬೆಯನ್ನು ಎಳೆದು ಪಕ್ಕದ ಖಾಲಿ ಸೈಟಿಗೆ ಹಾಕಿಬಂದಳು. ಮೋಟನ್ನು ನಾನು ಗರಗಸದಿಂದ ನಯವಾಗಿ ತೆಗೆದು, ಗಾಯಕ್ಕೆ ಮಣ್ಣು ಮೆತ್ತಿದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತೂ ಕೊಟ್ಟೆ. ಮಾತು ಕೊಡುವುದರಲ್ಲಿ ನಷ್ಟವೇನು? ಒಂದು ಎಲೆ ಮಡಿಸಿದ್ದರೂ ಕಂಡುಹಿಡಿಯುವ ದೊರೆಗಳಿಗೆ ಇಡೀ ಕೊಂಬೆ ಮಾಯವಾದದ್ದು ಕಾಣದೇ? ನಾಳೆ ಬೆಳಿಗ್ಗೆ ತಮಾಷೆ ಇದೆ. ಬಹಳ ದಿನಗಳ ಮೇಲೆ ನನಗೆ ನಾಳೆಯ ಮೇಲೆ ಆಸೆ ಹುಟ್ಟಿದೆ.

ಜನವರಿ 12

ತಮಾಷೆ ಠುಸ್.

ದೊರೆಗಳು ಸವಾರಿ ಬಂದರು. ಮಾವಿನ ಮುಂದೆ ನಿಂತರು. ಬಲಗಡೆ ಕೆಳಗೆ ಗೋಡೆ ಬಟ್ಟಬಯಲಾಗಿ ಹಲ್ಲು ಕಿರಿಯುತ್ತಿತ್ತು. ಗೋಡೆಯನ್ನು ನೋಡಿದರು, ಕೋಲನ್ನು ಎರಡು ಸಲ ಕುಟ್ಟಿದರು.

"ಚೆನ್ನಾಗಿದೆ" ಎಂದರು. "ಈ ಸಲ ಹೂವು ಜೋರಿದೆ ಅನ್ಸುತ್ತೆ."

ಅಷ್ಟೇ. ಮುಂದಕ್ಕೆ ಹೋದರು. ಇದೇ ಏನು ಆ ಜಗತ್ಪ್ರಸಿದ್ಧ ಕಣ್ಣು? ಇಷ್ಟು ವರ್ಷ ಮಗ, ಮಗಳು, ಪೋಸ್ಟ್‌ಮ್ಯಾನ್, ಅಕ್ಕಪಕ್ಕದವರೆಲ್ಲ ಬರೀ ಬಾಯಿಗೆ ಹೆದರಿ ಬದುಕಿದ್ದಾರೆ. ಖಾಲಿ ಡಬ್ಬದ ಸದ್ದು. ಈ ಊರಿನ ಅರ್ಧ ಗಡಿಗಳೆಲ್ಲ ಎಲ್ಲಿ ಹೇಗೆ ಬಿದ್ದಿವೆಯೋ, ದೇವರೇ ಬಲ್ಲ.

ಜನವರಿ 20

ಬೆಳಿಗ್ಗೆ ಆಜ್ಞೆಯಾಯಿತು.

"ಮಾವು. ಬಲಗಡೆ, ಕೆಳಗಿನಿಂದ ಮೂರನೇ ಕೊಂಬೆ. ಎರಡು ವರ್ಷದಿಂದ ತಿಂದುಂಡು ಎಲೆ ಬಿಟ್ಕೊಂಡು ಕೂತಿದೆ. ದಂಡಪಿಂಡ. ಬುಡಕ್ಕೇ ತೆಗೀರಿ."

ಏಣಿ ಹತ್ತಿದೆ. ಎಣಿಸಿದೆ. ಒಂದನೆಯದು ಸ್ಟೀರಿಂಗನ ಪುಣ್ಯದಿಂದ ಇಲ್ಲ. ದೊರೆಗಳು ಹೇಳುತ್ತಿದ್ದ ಮೂರನೆಯದು, ಆ ಎಲೆಗಳ ಸೋಮಾರಿ, ಈಗ ಎರಡನೆಯದು. ಈಗಿನ ಮೂರನೆಯದು ಮೊದಲು ನಾಲ್ಕನೆಯದಾಗಿದ್ದ ಸಪೂರ ಕೊಂಬೆ. ಅದರ ಒಂದಿಷ್ಟು ತುದಿಗಳಲ್ಲಿ ಹೂವಿನ ಮೊಗ್ಗು ಉಬ್ಬಿತ್ತು. ಇದು ಎಲೆ ಬಿಡುವ ಕೊಂಬೆಯಲ್ಲ ಎಂದು ಕುರುಡನಿಗೂ ತಿಳಿಯುವಂತಿತ್ತು.

ಕೇಳಬಹುದಿತ್ತು. ಕೇಳಲಿಲ್ಲ. ದೊರೆಗಳು ಅಲ್ಲೇ ಕೆಳಗೆ, ಮರದ ಕಡೆಗೇ ಮುಖ ಮಾಡಿ ನಿಂತಿದ್ದರು. ಅವರ ಟೇಪು ಅವರ ಬಳಿಯೇ ಇತ್ತು. ಹೇಳಿದಷ್ಟು ಮಾಡುವುದು ಆಳಿನ ಕೆಲಸ, ಇಲ್ಲಿ ನನ್ನ ಸ್ಥಾನ ಅದೇ ತಾನೇ? ಮೂರನೆಯದು ಎಂದರು, ಮೂರನೆಯದನ್ನು ತೆಗೆದೆ. ಗರಗಸ ಆಡಿಸುವಾಗ ಒಂದು ತರಹದ ಸಂತೋಷವೇ ಆಯಿತು. ಇಳಿದು ಬಂದು ಅವರ ಮುಖ ನೋಡುತ್ತ ನಿಂತೆ.

"ಇಲ್ಲಿ ಕೊಡಿ" ಎಂದರು.

ಕೊಂಬೆಯನ್ನು ಎಡಗೈಯಲ್ಲಿ ಹಿಡಿದು, ಕಡಿದ ಬುಡದಿಂದ ಬಲಗೈ ಬೆರಳು ಓಡಿಸುತ್ತ ಹೋದರು. ಕಸಿಯ ಗಂಟು ಸಿಕ್ಕಿತು. ಬೆರಳು ಅಲ್ಲಿ ನಿಂತಿತು. ಮತ್ತೆ ಮುಂದೆ ಹೋಯಿತು, ಒಂದು ತುದಿ, ಇನ್ನೊಂದು ತುದಿ, ಉಬ್ಬಿದ ಮೊಗ್ಗು. ಅಷ್ಟು ಹೊತ್ತೂ ಕಣ್ಣು ಗೋಡೆಯ ಕಡೆಗೇ ಇತ್ತು. ಒಂದು ಸಲವೂ ಕೊಂಬೆಯನ್ನು ನೋಡಲಿಲ್ಲ. ಪ್ರೂಫ್ ತಿದ್ದುವಾಗ ಸಾಲಿನ ಕೆಳಗೆ ಬೆರಳು ಓಡಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬೆರಳೇ ಓದುವುದನ್ನು ಕಂಡಿರಲಿಲ್ಲ.

"ಇದು ಮೂರನೇದಾ?"

"ಕೆಳಗಿನಿಂದ ಮೂರನೇದು."

"ಬಲಗಡೇದೇ?"

"ಬಲಗಡೇದೇ."

"ಸರಿ" ಎಂದರು. ಕೊಂಬೆಯನ್ನು ನನ್ನ ಕೈಗೆ ಕೊಡಲು ಚಾಚಿದರು. ನಾನು ನಿಂತಿದ್ದ ಕಡೆಗಲ್ಲ, ನನ್ನ ಪಕ್ಕಕ್ಕೆ.

ಒಳಗೆ ಹೋಗುವಾಗ ಕೋಲಿನಿಂದ ಮೆಟ್ಟಿಲು ಹುಡುಕಿದರು. ಆ ಟಕ್ ಟಕ್ ಎಲ್ಲ ಠೀವಿ ಎಂದುಕೊಂಡಿದ್ದೆ. ಮನೆಯ ಮಗ ಡಾಕ್ಟರನ ಹತ್ತಿರ ತೋರಿಸಿಲ್ಲ, ಮಗಳು ರಕ್ತದ ಹನಿಯಲ್ಲಿ ಕಾಯಿಲೆ ಹುಡುಕುವವಳು, ಎದುರಿಗೆ ಕೂತು ಊಟ ಮಾಡುವ ಅಪ್ಪನಿಗೆ ಕಣ್ಣಿಲ್ಲವೆಂದು ತಿಳಿದಿಲ್ಲ. ಪ್ರೂಫ್ ತಿದ್ದುವ ಮಹಾಶಯನಿಗೂ ತಿಳಿದಿಲ್ಲ. ಎಂಥ ಬುದ್ಧಿವಂತರ ಸಂತೆ.

ಜನವರಿ 21

ಮಾವಿನ ಕೊಂಬೆ ಕಡಿದೆ ಎಂದಾಗ ಇವಳು ತಟ್ಟೆ ಕೆಳಗಿಟ್ಟಳು.

"ಯಾವುದು? ಮೇಲಿನದಾ? ಅಯ್ಯೋ, ಅದು ಛತ್ರಿ ಮಾವು ರೀ!"

ಕಥೆ ಹೇಳಿದಳು. ದೊರೆಗಳ ಹಳೆಯ ಮೇಲಧಿಕಾರಿಯ ಮನೆಯಲ್ಲಿ ಒಂದು ಮರವಿತ್ತಂತೆ. ಅದರ ಹಣ್ಣನ್ನು ದೊರೆಗಳು ಒಮ್ಮೆ ತಿಂದಿದ್ದರು, ಒಂದೇ ಒಂದು. ಕಸಿ ಕಟ್ಟಲು ಕಡ್ಡಿ ಕೇಳಿದರೆ ಆತ ಕೊಡಲಿಲ್ಲ. ಆತನ ಬೀಳ್ಕೊಡುಗೆಯ ದಿನ ಇವರು ಛತ್ರಿಯೊಳಗೆ ನಾಲ್ಕು ಕಡ್ಡಿ ಅಡಗಿಸಿ ತಂದರು. ಮೂರು ಸತ್ತವು, ಒಂದು ಹಿಡಿಯಿತು. ಆಮೇಲೆ ಆ ಮನೆಯೂ ಹೋಯಿತು, ಮರವೂ ಹೋಯಿತು. ಆ ಜಾತಿ ಈಗ ಬೇರೆಲ್ಲೂ ಇಲ್ಲ. ಏಳು ವರ್ಷ ಕಾದಿದ್ದಾರೆ. ಈ ವರ್ಷ ಮೊದಲ ಹೂವು. "ಇನ್ನೊಂದು ಸಲ ಆ ಹಣ್ಣು ತಿಂದು ಸಾಯ್ತೀನಿ" ಎನ್ನುತ್ತಿದ್ದರಂತೆ.

ಕದ್ದ ಮಾಲಿಗೆ ಇಷ್ಟೊಂದು ಮಮಕಾರ. ಇಂಥವರು ಬೇರೆಯವರಿಗೆ ಗಡಿ ಹಾಕಿಕೊಟ್ಟವರು.

ನಿನ್ನೆ ಕಡಿದ ಕೊಂಬೆ ಗೊಬ್ಬರದ ಗುಂಡಿಯ ಪಕ್ಕ ಬಿದ್ದಿತ್ತು. ಅಲ್ಲಿ ಬಿದ್ದಿರುವುದು ಕಣ್ಣಿಗೆ ಅಸಹ್ಯವಾಗಿ ಕಂಡಿತು. ಕಡ್ಡಿಗಳನ್ನು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ತರಕಾರಿ ಇಡೋ ಜಾಗದಲ್ಲಿ ಇದೇನು ಕಸ ಎಂದು ಇವಳು ಗೊಣಗಿದಳು.

ಜನವರಿ 22

ದೊರೆಗಳು ಹಿತ್ತಲಿಗೆ ಬರಲಿಲ್ಲ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನೇ ಹೋಗಿ ನಿಂತೆ.

"ಕಸಿ ಕಟ್ಟೋದು ಹೇಗೆ?"

"ಯಾರು ಕಟ್ತಾರೆ?"

"ನಾನು."

ನಕ್ಕರು ಎನ್ನಬೇಕು, ಆದರೆ ಅದು ನಗುವಾಗಿರಲಿಲ್ಲ. "ಆ ಕಡ್ಡಿ ಇಷ್ಟೊತ್ತಿಗೆ ಒಣಗಿರುತ್ತೆ."

"ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಲ್ಲಿ ಇಟ್ಟಿದೀನಿ."

ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ಕೂತರು. ಆಮೇಲೆ, ಬೇಡದ ಅತಿಥಿಗೆ ದಾರಿ ಹೇಳುವ ದನಿಯಲ್ಲಿ ಹೇಳಿದರು. ಮೊಗ್ಗು ಉಬ್ಬಿದ ತುದಿ ಬೇಡ, ಪಕ್ಕದ ಸಣ್ಣ ಕಡ್ಡಿ ಸಾಕು. ಬುಡವನ್ನು ಎರಡೂ ಕಡೆ ಹೆರೆದು ಬೆಣೆಯ ಹಾಗೆ ಮಾಡಬೇಕು. ಕೊಂಬೆಯನ್ನು ಸೀಳಿ ಒಳಗೆ ಕೂರಿಸಬೇಕು. ತೊಗಟೆಯ ಅಂಚಿಗೆ ತೊಗಟೆಯ ಅಂಚು ಕೂಡಬೇಕು. ಗಾಳಿ ಹೋಗದ ಹಾಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು.

"ಯಾವ ಕೊಂಬೆಗೆ ಕಟ್ಟಲಿ?"

"ನಿಮ್ಮಿಷ್ಟ. ನನ್ನ ಲೆಕ್ಕ ಕೇಳ್ಬೇಡಿ."

ಆ ಎಲೆಗಳ ದಂಡಪಿಂಡದ ತುದಿಗಳಿಗೇ ಐದಾರು ಕಡ್ಡಿ ಕಟ್ಟಿದೆ. ಒಂದು ಬೆಳಗು ಪೂರ್ತಿ ಹೋಯಿತು. ಬೆರಳಿನಲ್ಲಿ ಎರಡು ಗಾಯ. ಕಸಿಗಳು ನೋಡಲು ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿದ ಹಾಗಿವೆ. ಒಂದೂ ಹಿಡಿಯುವುದಿಲ್ಲ, ಬರೆದಿಡುತ್ತೇನೆ.

ಫೆಬ್ರವರಿ 2

ದೊರೆಗಳು ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ. ಸಂಜೆ ಇವಳನ್ನು ಹತ್ತಿರ ಕೂರಿಸಿಕೊಂಡು, "ನಿಮ್ಮಮ್ಮ ಹೋದದ್ದು ಯಾವ ವರ್ಷ, ಯಾವ ವಾರ, ನಾನು ಹೇಳ್ತೀನಿ, ಸರಿ ಇದೆಯಾ ನೋಡು" ಎಂದರು. ಹೇಳಿದರು. ಸರಿ ಇತ್ತು. ಇವಳು ಕಣ್ಣೊರೆಸಿಕೊಂಡು ಎದ್ದು ಹೋದಳು, ಅಪ್ಪನಿಗೆ ಅಮ್ಮನ ನೆನಪು ಬಂದಿದೆ ಎಂದುಕೊಂಡು. ದಡ್ಡಿ. ಆಕೆಯ ಬೆನ್ನ ಹಿಂದೆ ಅವರು ತಾವು ಕೆಲಸ ಮಾಡಿದ ಊರುಗಳನ್ನು ಒಂದೊಂದಾಗಿ ಬೆರಳು ಮಡಚಿ ಎಣಿಸುತ್ತಿದ್ದರು. ಒಂದು ಸಿಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರು.

ನನಗೆ ಅರ್ಥವಾಯಿತು.  ಕಣ್ಣು ಹೋದದ್ದನ್ನು ಅವರು ತಲೆಯಿಂದ ಮುಚ್ಚಿಟ್ಟಿದ್ದರು. ಪ್ರತಿ ಕೊಂಬೆ ತಲೆಯಲ್ಲಿತ್ತು, ತಂತಿಯ ಸಮೇತ. ಈಗ ತಲೆಯೂ ಹೋಯಿತು ಎಂದುಕೊಂಡಿದ್ದಾರೆ. ಮೂರನೆಯದು ಯಾವುದು, ನಾಲ್ಕನೆಯದು ಯಾವುದು ಎಂದೂ ಗೊತ್ತಿಲ್ಲದವನಾದೆ ಎಂದು.

ಒಂದು ಮಾತು ಹೇಳಿದರೆ ಸರಿಹೋಗುತ್ತದೆ. ಹೇಳಿದರೆ ಸ್ಟೀರಿಂಗನ ಬಣ್ಣ ಬಯಲಾಗುತ್ತದೆ, ಅದು ಹಾಳಾಗಿ ಹೋಗಲಿ. ನಾನು ಕಂಡೂ ಕಂಡೂ ಕಡಿದೆ ಎಂಬುದೂ ಬಯಲಾಗುತ್ತದೆ. ಮನೆಯಳಿಯ, ಕೆಲಸವಿಲ್ಲದವನು, ಜೊತೆಗೆ ಇದೊಂದು. ಕಣ್ಣಿನ ವಿಷಯವನ್ನೂ ಇವಳಿಗೆ ಹೇಳದೆ ಸುಮ್ಮನೆ ಇದ್ದೇನೆ. ಹಾವೂ ಸಾಯದೆ ಕೋಲೂ ಮುರಿಯದೆ ನಡೆಯುತ್ತಿದೆ ಮನೆ.

ಫೆಬ್ರವರಿ 5

ಸೀಬೆಯ ಬಾಟಲಿಗಳಲ್ಲಿ ನೀರು ಆರಿ ಕೊಂಬೆಗಳು ಮೇಲಕ್ಕೆದ್ದಿದ್ದವು. ನೀರು ತುಂಬಿಸಿದೆ. ಯಾರೂ ಹೇಳಿರಲಿಲ್ಲ. ಖಾಲಿ ಬಾಟಲಿ ಗಾಳಿಗೆ ತೂಗಾಡುವುದನ್ನು ನೋಡಲಾಗುತ್ತಿರಲಿಲ್ಲ, ಅಷ್ಟೇ. ಹಾಗೆಯೇ ಕಮರಾಕ್ಷಿಯ ನಡುವೆ ಬೆಳೆದಿದ್ದ ಕಳ್ಳ ಚಿಗುರನ್ನೂ ತೆಗೆದೆ.

ಕಸಿಯಲ್ಲಿ ಎರಡು ಕಪ್ಪಾಗಿವೆ.

ಫೆಬ್ರವರಿ 8, ಭಾನುವಾರ

ಸ್ಟೀರಿಂಗ್ ಬಂದ. ಅಪ್ಪ ಮಂಕಾಗಿ ಕೂತಿರುವುದನ್ನು ನೋಡಿ, ಅಡುಗೆಮನೆಯಲ್ಲಿ ಅಕ್ಕನಿಗೆ ಪಿಸುಗುಟ್ಟಿದ. ಪಿಸುಗುಟ್ಟುವುದೂ ಬರುವುದಿಲ್ಲ ಅವನಿಗೆ, ಬೀದಿಗೆ ಕೇಳುತ್ತಿತ್ತು.

"ಅರಳುಮರಳು ಕಣೇ. ಈ ವಯಸ್ಸಲ್ಲಿ ಸಹಜ. ಹಿತ್ತಲಲ್ಲಿ ಎಲ್ಲಾದ್ರೂ ಬಿದ್ದರೆ? ಆ ಮರ ಗಿಡ ತೆಗೆಸಿ ಸಿಮೆಂಟ್ ಹಾಕಿಸೋಣ. ಕಾರು ನಿಲ್ಲಿಸೋಕೂ ಜಾಗ ಆಗುತ್ತೆ."

ಕೊನೆಯ ವಾಕ್ಯ ಮೊದಲು ಹುಟ್ಟಿದ್ದು ಎಂದು ಹೇಳಲು ಪ್ರೂಫ್ ರೀಡರ್ ಬೇಕಾಗಿಲ್ಲ.

ಅಪ್ಪನನ್ನೂ ಕೇಳಿದ. ನಾನು ಬಾಗಿಲಲ್ಲಿ ನಿಂತಿದ್ದೆ, ಈಗ ಗುಡುಗುತ್ತದೆ ಎಂದು ಕಾಯುತ್ತ. ಗುಡುಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ, ಏಕೆಂದು ತಿಳಿಯದು.

"ತೆಗೆಸಿಬಿಡಿ" ಎಂದರು ದೊರೆಗಳು. "ನನ್ನಿಂದ ಅವಕ್ಕೆ ಅನ್ಯಾಯ ಆಗೋದು ಬೇಡ."

ಫೆಬ್ರವರಿ 15, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು. ಸಿಟ್ಟು ಇನ್ನೂ ಇಳಿದಿಲ್ಲ. 

ಸ್ಟೀರಿಂಗ್ ಬೆಳಿಗ್ಗೆಯೇ ಕಂಟ್ರಾಕ್ಟರನ್ನು ಕರೆತಂದ. ಹೊಟ್ಟೆ ಮುಂದೆ, ಆತ ಹಿಂದೆ. ಹಿತ್ತಲ ಬಾಗಿಲ ಬಳಿ ಕುರ್ಚಿ ಹಾಕಿ ದೊರೆಗಳನ್ನು ಕೂರಿಸಿದ್ದರು, ತಮ್ಮ ಹೆಣದ ಮೆರವಣಿಗೆಯನ್ನು ತಾವೇ ನೋಡಲಿ ಎಂಬಂತೆ. ನಾನು ಟೇಪಿನ ತುದಿ ಹಿಡಿದುಕೊಂಡೆ. ಹಿಡಿಯುವುದು ನನ್ನ ಹಣೆಬರಹ. ಕಂಟ್ರಾಕ್ಟರು ಗೋಡೆಯಿಂದ ಗೇಟಿನವರೆಗೆ ಅಳೆದು ಇಷ್ಟು ಅಡಿ ಎಂದು ಕೂಗಿದ.

"ತಪ್ಪು" ಎಂದರು ದೊರೆಗಳು ಕುರ್ಚಿಯಿಂದಲೇ. "ಟೇಪು ಜೋತು ಬಿದ್ದಿದೆ. ಒಂದಡಿ ಜಾಸ್ತಿ ಹೇಳ್ತಿದ್ದೀರಿ."

ಹೌದು, ಟೇಪು ನಡುವೆ ಜೋತು ಬಿದ್ದಿತ್ತು. ನನ್ನ ಕೈಯಲ್ಲೇ ಇತ್ತು, ನನಗೆ ಗೊತ್ತು. ಕಂಟ್ರಾಕ್ಟರು ಸ್ಟೀರಿಂಗನ ಮುಖ ನೋಡಿದ. ಸ್ಟೀರಿಂಗ್ ತಲೆಯ ಪಕ್ಕ ಬೆರಳು ತಿರುಗಿಸಿ ಸನ್ನೆ ಮಾಡಿದ. ದೊರೆಗಳಿಗೆ ಸನ್ನೆ ಕಾಣಲಿಲ್ಲ, ಆದರೆ ಮೌನ ಕೇಳಿಸಿತು.

"ಇರಬಹುದು ಬಿಡಿ" ಎಂದರು, ಸಣ್ಣ ದನಿಯಲ್ಲಿ. "ನನಗೀಗ ಲೆಕ್ಕ ನಿಲ್ಲಲ್ಲ."

ತಪ್ಪು ಅಚ್ಚಾಗುವುದನ್ನು ನೋಡಿಕೊಂಡು ಕೂರುವ ಅಭ್ಯಾಸ ನನಗಿಲ್ಲ. ಟೇಪು ಬಿಟ್ಟೆ. ಅದು ಸುರ್ರೆಂದು ಹೋಗಿ ಕಂಟ್ರಾಕ್ಟರನ ಕೈಗೆ ಬಡಿಯಿತು.

"ನಿಮ್ಮ ಲೆಕ್ಕ ಸರಿ ಇದೆ" ಎಂದೆ. "ಇದೂ ಸರಿ, ಅದೂ ಸರಿ. ಮಾವಿನ ಬಲಗಡೆ ಕೆಳಗಿನ ಕೊಂಬೆ ಈಗಿಲ್ಲ. ನಿಮ್ಮ ಮಗ ಕಾರು ಗುದ್ದಿ ಮುರಿದ. ನಿಮ್ಮ ಮಗಳು ಅದನ್ನ ಪಕ್ಕದ ಸೈಟಿಗೆ ಎಸೆದಳು. ಗಾಯಕ್ಕೆ ಮಣ್ಣು ಮೆತ್ತಿದೋನು ನಾನು. ನೀವು ಹೇಳಿದ ಮೂರನೇದು ಅವತ್ತು ಎರಡನೇದಾಗಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಕಡಿದೆ."

ಸ್ಟೀರಿಂಗನ ಬೆರಳಿನಲ್ಲಿ ತಿರುಗುತ್ತಿದ್ದ ಕೀ ನಿಂತಿತು. 

"ಕೆಳಗಿನದು ಇಲ್ವಾ?" ಎಂದರು ದೊರೆಗಳು.

"ಇಲ್ಲ."

"ಹಾಗಾದ್ರೆ ಛತ್ರಿ ಮಾವು ನಾಲ್ಕನೇದೇ."

"ನಾಲ್ಕನೇದೇ. ಯಾವತ್ತೂ ನಾಲ್ಕನೇದೇ."

ಮುದುಕರು ಎದ್ದು ನಿಂತರು. ಮುಖದಲ್ಲಿ ರಕ್ತ ಏರಿತು. ನಾನು ಅಳು ಬರಬಹುದು ಎಂದುಕೊಂಡಿದ್ದೆ, ಬಂದದ್ದು ಬೈಗುಳ. ಎಂಥ ಬೈಗುಳ! ಮೊದಲು ಮಗನಿಗೆ, ಅವನ ಕಾರಿಗೆ, ಕಾರು ಮಾಡಿದವನಿಗೆ. ಆಮೇಲೆ ಮಗಳಿಗೆ. ಆಮೇಲೆ ನನಗೆ, ಎಲ್ಲರಿಗಿಂತ ಹೆಚ್ಚು ಹೊತ್ತು. "ಕತ್ತೆ ಬಡವಾ! ಮೊಗ್ಗು ಕಂಡೂ ಗರಗಸ ಇಟ್ಯಲ್ಲೋ! ನಿನಗೆ ಕೈ ಕೊಟ್ಟ ದೇವರಿಗೆ ತಲೆ ಕೆಟ್ಟಿತ್ತು!" ಏಕವಚನಕ್ಕೆ ಇಳಿದರು. ಕೋಲು ಗಾಳಿಯಲ್ಲಿ ಸುತ್ತುತ್ತಿತ್ತು. ಅಷ್ಟು ಖುಷಿಯಾಗಿ ಒಬ್ಬ ಮನುಷ್ಯ ಬೈಯುವುದನ್ನು ನಾನು ಹಿಂದೆ ಕೇಳಿಲ್ಲ.

ಇವಳೇ ಆ ಪ್ರಶ್ನೆ ಕೇಳಿದಳು. "ಅಪ್ಪಾ, ಕೊಂಬೆ ಇಲ್ಲದ್ದು ನಿಮಗೆ ಕಾಣ್ಲಿಲ್ವಾ?"

ಕೋಲು ಕೆಳಗಿಳಿಯಿತು. "ಕಣ್ಣು ಹೋಗಿ ಒಂದು ಮಳೆಗಾಲ ಆಯ್ತು ಮಗಳೇ" ಎಂದರು. "ಹೇಳಿದ್ರೆ ಇದನ್ನೇ ಮಾಡ್ತಿದ್ರಿ, ಇವತ್ತು ಮಾಡೋಕೆ ಬಂದಿದ್ದನ್ನ."

ಸ್ಟೀರಿಂಗನಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ. "ಕಣ್ಣೇ ಕಾಣಲ್ಲ ಅಂದ್ಮೇಲೆ ಮರ ಯಾಕಪ್ಪಾ..." ಎಂದ.

"ಕಣ್ಣು ಹೋಗಿದೆ, ತಲೆ ಹೋಗಿಲ್ಲ. ನಿನಗೆ ಎರಡೂ ಇದ್ದು ಏನು ಮಾಡಿದೆ? ನಡಿ ಆಚೆ. ಆ ಟೇಪಿನವನನ್ನೂ ಕರ್ಕೊಂಡು ಹೋಗು." ನನ್ನ ಕಡೆ, ಈ ಸಲ ಸರಿಯಾಗಿ ನನ್ನ ಕಡೆಗೇ ತಿರುಗಿದರು. "ಇವನಿದ್ದಾನೆ. ಇವನಿಗೆ ಕಣ್ಣಿದೆ. ಬುದ್ಧಿ ನಾನು ಕೊಟ್ಕೋತೀನಿ."

ಇದಕ್ಕಿಂತ ದೊಡ್ಡ ಅವಮಾನ ಈ ಮನೆಯಲ್ಲಿ ನನಗೆ ಆಗಿಲ್ಲ. ಮಧ್ಯಾಹ್ನ ಚೆನ್ನಾಗಿ ಊಟ ಸೇರಿತು.

ಫೆಬ್ರವರಿ 20

ಕಣ್ಣಿನ ಡಾಕ್ಟರು. ಒಂದು ವರ್ಷ ಮೊದಲೇ ಬರಬೇಕಿತ್ತು ಎಂದರು. ಎಲ್ಲ ಡಾಕ್ಟರುಗಳೂ ಕಾಲೇಜಿನಲ್ಲಿ ಮೊದಲು ಕಲಿಯುವ ವಾಕ್ಯ. ನರ ಸತ್ತಿದೆ, ಏನೂ ಮಾಡುವಂತಿಲ್ಲ. ಇವಳು ದಾರಿಯುದ್ದಕ್ಕೂ ಅತ್ತಳು. ದೊರೆಗಳು ಆಟೋದಲ್ಲಿ ನನ್ನ ಪಕ್ಕ ಕೂತು, "ಸೀತಾಫಲದ ಎಲೆ ಉದುರ್ತಾ?" ಎಂದು ಕೇಳಿದರು. ಅರ್ಧ ಉದುರಿದೆ ಎಂದೆ. "ಪೂರ್ತಿ ಉದುರಿದ ಮೇಲೆ ಸವರಬೇಕು" ಎಂದರು.

ಫೆಬ್ರವರಿ 27

ದಿನವೂ ಬೆಳಿಗ್ಗೆ ನನ್ನ ಭುಜ ಹಿಡಿದು ಸವಾರಿ. ನಾನು ಕಂಡದ್ದನ್ನು ಹೇಳಬೇಕು, ಅವರು ಬೈಯಬೇಕು. "ಸ್ವಲ್ಪ ಬಾಗಿದೆ" ಎಂದರೆ ಸಾಲದು. ಎಷ್ಟು ಬಾಗಿದೆ, ಯಾವ ಗಿಣ್ಣಿನ ಹತ್ತಿರ, ತೊಗಟೆ ಬಿರಿದಿದೆಯೋ ಇಲ್ಲವೋ. "ಪ್ರೆಸ್ಸಲ್ಲಿ ನಿನಗೆ ಸಂಬಳ ಕೊಟ್ಟೋನು ಯಾರಯ್ಯಾ?" ಎಂದು ಇವತ್ತು ಕೇಳಿದರು. ಏಕವಚನ ಹಾಗೇ ಉಳಿದಿದೆ.

ಮಾರ್ಚ್ 4

ಕಸಿಗಳು ಒಂದೊಂದಾಗಿ ಒಣಗುತ್ತಿವೆ. ಒಂದೇ ಒಂದು ಇನ್ನೂ ಹಸಿರಾಗಿದೆ. ನಾನು ಹೇಳಿದ್ದೆನಲ್ಲ.

ಮಾರ್ಚ್ 11

ಪಕ್ಕದ ಊರಿನ ಪ್ರೆಸ್ಸಿನವನು ಫೋನ್ ಮಾಡಿದ್ದ. ಒಂದನೇ ತಾರೀಖಿಗೆ ಬನ್ನಿ ಎಂದ. ಸೀಬೆ ಬಗ್ಗಿಸುವುದು ಮುಗಿಯದೆ ಆಗುವುದಿಲ್ಲ, ಆಮೇಲೆ ಸೀತಾಫಲ ಸವರುವುದಿದೆ ಎಂದೆ. ಏನು ಹೇಳ್ತಿದ್ದೀರಿ ಸಾರ್ ಎಂದ. ಇಂಥ ಮಂದಮತಿಯ ಕೈಕೆಳಗೆ ಯಾರು ಕೆಲಸ ಮಾಡುತ್ತಾರೆ?

ಮಾರ್ಚ್ 19

ಬಿಸಿಲಿಗೆ ಕಸಿ ಬಾಡೀತೆಂದು ಇವಳ ಹಳೆಯ ದುಪಟ್ಟಾ ತಂತಿಗೆ ಕಟ್ಟಿ ನೆರಳು ಮಾಡಿದೆ. ಇವಳು ನೋಡಿ ನಕ್ಕಳು. ಯಾಕೆ ನಗುತ್ತಾಳೋ. ಹೊಸ ದುಪಟ್ಟಾ ಕೇಳುವ ಉಪಾಯವಿರಬೇಕು.

ಮಾರ್ಚ್ 28

ಬೆಳಿಗ್ಗೆ ದೊರೆಗಳು ಏಳುವ ಮುಂಚೆಯೇ ಹಿತ್ತಲಿಗೆ ಹೋಗಿದ್ದೆ. ಕಸಿಯ ತುದಿ ಒಡೆದಿತ್ತು. ಬೆರಳಿನ ಉಗುರಿನಷ್ಟು ಎರಡು ಎಲೆ. ಅಲ್ಲೇ ನಿಂತುಬಿಟ್ಟೆ. ಒಳಗೆ ಓಡಿದೆ ಎಂದು ಇವಳು ಹೇಳುತ್ತಾಳೆ, ನಾನು ನಡೆದೇ ಹೋಗಿದ್ದು.

ದೊರೆಗಳು ಚಪ್ಪಲಿ ಕೂಡ ಹಾಕದೆ ಬಂದರು. ಗೋಡೆಯ ಪಕ್ಕ ನಿಲ್ಲಿಸಿದೆ.

"ಬಣ್ಣ ಹೇಳು."

"ಕೆಂಪು."

"ಯಾವ ಕೆಂಪು? ಕೆಂಪು ಅಂದ್ರೆ ಅಂಚೆಡಬ್ಬನೂ ಕೆಂಪೇ."

"ತಾಮ್ರದ ಹಾಗಿದೆ."

"ಹಳೇ ತಾಮ್ರವೋ, ತೊಳೆದಿದ್ದೋ?"

ಮತ್ತೆ ನೋಡಿದೆ. ಜೀವಮಾನದಲ್ಲಿ ಇಷ್ಟು ಹತ್ತಿರದಿಂದ ಒಂದು ಅಕ್ಷರವನ್ನೂ ನೋಡಿಲ್ಲ. "ತೊಳೆದಿದ್ದು. ಇನ್ನೂ ಒರೆಸಿಲ್ಲ, ಒದ್ದೆ ಇದೆ. ಬುಡದಲ್ಲಿ ಮಾತ್ರ ಸ್ವಲ್ಪ ಹಸಿರು."

ಅವರ ಕೈ ತಾನಾಗಿ ಮುಂದೆ ಬಂತು. ನಾನು ಹಿಡಿದುಕೊಂಡೆ. "ಬೇಡ. ಮುಟ್ಟಿದ್ರೆ ಮುರಿಯುತ್ತೆ."

ಕೈ ನನ್ನ ಕೈಯಲ್ಲಿ ಸ್ವಲ್ಪ ಹೊತ್ತು ಹಾಗೇ ಇತ್ತು. ಕಣ್ಣು ಎಂದಿನಂತೆ ಗೋಡೆಯ ಮೇಲೆ. 

"ಹಣ್ಣಿಗೆ ನಾಲ್ಕು ವರ್ಷ ಬೇಕು" ಎಂದರು.

"ಬೇಕಾಗಬಹುದು."

"ನಿಜವಾಗ್ಲೂ ಚಿಗುರಿದೆಯೇನೋ? ನನ್ನ ಮಗಳನ್ನ ಕೇಳಿದ್ರೆ ಇಲ್ಲದ್ದನ್ನೂ ಇದೆ ಅಂತಾಳೆ, ಅಪ್ಪನಿಗೆ ಬೇಜಾರಾಗುತ್ತೆ ಅಂತ. ನೀನು ಸುಳ್ಳು ಹೇಳ್ತಿಲ್ಲ ತಾನೇ?"

ಒಳ್ಳೆ ಸಿಟ್ಟು ಬಂತು. ಬೆಳಿಗ್ಗೆ ಬೆಳಿಗ್ಗೆ ಇಷ್ಟು ನಿಖರವಾಗಿ ಹೇಳಿದವನನ್ನು ಹೀಗೆ ಕೇಳುವುದೇ?

"ನಿಮಗೆ ಸುಳ್ಳು ಹೇಳೋಕೆ ನನಗೇನು ನಿಮ್ಮ ಮೇಲೆ ಪ್ರೀತೀನಾ?" ಎಂದೆ.

ದೊರೆಗಳ ಮುಖ ಸಡಿಲವಾಯಿತು.

"ಅದೂ ನಿಜ" ಎಂದರು, ಮತ್ತು ನನ್ನ ಭುಜ ಹಿಡಿದುಕೊಂಡು ಸೀಬೆಯ ಕಡೆಗೆ ಹೊರಟರು.